ವೆಂಡೆಲ್, ಆ ಕಾಫಿ ಕುಡಿಯಬೇಡ

ವೆಂಡೆಲ್,

ಅಮ್ಮನನ್ನು ಆಪರೇಷನ್‌ಗೆ ಒಳಗೆ ಕರೆದೊಯ್ಯುವ ಮೊದಲು ನಾನು ಆಸ್ಪತ್ರೆಯಲ್ಲಿರಬೇಕು, ಹೊರಟೆ. ಒಲೆಯ ಮೇಲೆ ಬೀನ್ಸ್ ಸೂಪ್ ಇದೆ, ಬಿಸಿ ಮಾಡಿಕೊಂಡು ಕುಡಿ.

ಆಮೇಲೆ ವೃದ್ಧಾಶ್ರಮಕ್ಕೆ ಹೋಗಿ ಅಮ್ಮನ ಕನ್ನಡಕ, ಹಲ್ಲಿನ ಸೆಟ್ಟು, ನೀಲಿ ಸ್ವೆಟರ್ ತೆಗೆದುಕೊಂಡು ಆಸ್ಪತ್ರೆಗೆ ಬಾ. ಮ್ಯಾನೇಜರ್ ಪ್ರೆಂಟಿಸ್ ಹಲ್ಲು ಕಿರಿಯುತ್ತಾ ಕಾಫಿ ಕೊಡುತ್ತಾನೆ. ಕುಡಿಯಬೇಡ. ಸೋಮವಾರ ಬಚ್ಚಲಲ್ಲಿ ಬಿದ್ದ ಅಮ್ಮನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ, ನೋವಿನ ಮಾತ್ರೆ ನುಂಗಿಸಿ, ಗುರುವಾರದವರೆಗೂ ಡಾಕ್ಟರಿಗೆ ಒಂದು ಫೋನೂ ಮಾಡದ ಮಹಾನುಭಾವ ಅವನು. ಸೊಂಟ ಮುರಿದವಳನ್ನು ಬಿಂಗೋ ಆಟಕ್ಕೆ ಬೇರೆ ತಳ್ಳಿಕೊಂಡು ಹೋಗಿದ್ದರಂತೆ! ಪಕ್ಕದ ಹಾಸಿಗೆಯ ಹ್ಯಾಟಿ ಅಜ್ಜಿ ಗಂಟೆ ಒತ್ತಿ ಒತ್ತಿ ಸಾಕಾಗಿ, ಕೊನೆಗೆ ನನಗೇ ಫೋನ್ ಮಾಡಿದರು. "ನಿಮ್ಮಮ್ಮನ ಕಾಲು ಸೊಟ್ಟಗಾಗಿದೆ ಕಣೇ. ಇಲ್ಲಿ ಯಾರಿಗೂ ಕಣ್ಣಿಲ್ಲ, ನೀನಾದ್ರೂ ಬಾ" ಅಂದರು. ನಾನು ಹೋಗಿ ಕೂಗಾಡಿದ ಮೇಲೆ ಆಂಬುಲೆನ್ಸ್ ಬಂತು.

"ಅವರು ನೋವು ಅಂತ ಬಾಯಿಬಿಟ್ಟು ಹೇಳ್ಲೇ ಇಲ್ವಲ್ಲ ಮೇಡಂ" ಎಂದ ಆ ಪ್ರೆಂಟಿಸ್, ತಪ್ಪು ಅಮ್ಮನದೇ ಎಂಬಂತೆ. ಟೈ ಮಾತ್ರ ನೆಟ್ಟಗಿತ್ತು.

ಫ್ರಿಜ್‌ನಲ್ಲಿರುವ ಪೀಚ್ ಪೈ ಹ್ಯಾಟಿ ಅಜ್ಜಿಗೆ, ಮರೆಯಬೇಡ. ದಾರಿಯಲ್ಲಿ ನೀನೇ ತಿನ್ನಬೇಡ.

ಪ್ರೆಂಟಿಸ್ ಯಾವ ಕಾಗದ ಮುಂದಿಟ್ಟರೂ ಸಹಿ ಹಾಕಬೇಡ. ಅವನು ಕ್ಷಮೆ ಕೇಳಿದರೆ, ನಿನ್ನ ಎಂದಿನ ಚಾಳಿಯಂತೆ "ಪರವಾಗಿಲ್ಲ ಬಿಡಿ" ಅನ್ನಲೂಬೇಡ. ಮುರಿದ ಸೊಂಟದಲ್ಲಿ ಮೂರು ದಿನ ಆ ಕುರ್ಚಿಯಲ್ಲಿ ಕೂತು, ಬಂದುಹೋದವರಿಗೆಲ್ಲ ಅಮ್ಮ ಆ ಮಾತನ್ನೇ ಹೇಳಿದ್ದಾಳೆ.

ಅಕ್ಕ ಅರ್ನೆಸ್ಟೀನ್