ಅತ್ತೆಯ ದನಿ

ಶನಿವಾರಸಂತೆ

ಪ್ರಿಯ ಹರ್ಷಿತಾ ಅವರಿಗೆ,

ನಮ್ಮ ಆನ್‌ಲೈನ್ ಸಂಗೀತ ಬಳಗದಿಂದ ನಾನು ಹಾಕಿದ ಹಾಡನ್ನು ತೆಗೆದಿರಿ ಎಂದು ಜಗಳಕ್ಕೆ ಬರೆಯುತ್ತಿಲ್ಲ. ಬಳಗ ನಡೆಸುವವರು ನೀವು. ಅದು ಕಂಪ್ಯೂಟರ್ ಹುಟ್ಟಿಸಿದ ದನಿ ಎಂದು ಅಷ್ಟು ಜನ ದೂರಿದರೆ ಏನಾದರೂ ಮಾಡಲೇಬೇಕು.

ಆದರೆ ಆ ದನಿ ನನ್ನ ಅತ್ತೆ ವಿಮಲಮ್ಮನವರದು. ಕಾಫಿ ಕೊಯ್ದು ಬಂದು ಬಚ್ಚಲೊಲೆಯ ಮುಂದೆ ಕೂತು ಅವರು ಹಾಡಿದ್ದನ್ನು ಮೊಬೈಲಿನಲ್ಲಿ ಹಿಡಿದು, ನನ್ನ ಗಿಟಾರ್ ಸೇರಿಸಿದೆ. ಸೌದೆ ಚಟಗುಟ್ಟುವ ಸದ್ದನ್ನು ನಾನು ತೆಗೆಯುವಾಗ ದನಿಯೂ ತೀರಾ ನುಣುಪಾಗಿಬಿಟ್ಟಿರಬೇಕು.

ಜನ ಬರೆದದ್ದನ್ನೆಲ್ಲ ನಾದಿನಿ ಓದಿ ಹೇಳಿಬಿಟ್ಟಳು. ಅತ್ತೆ, "ಹಂಗಾರೆ ಹಾಡಿದ್ದು ನಾನಲ್ವಂತಾ?" ಎಂದರು. ಆಮೇಲೆ ಹಾಡಿಲ್ಲ. ಕೇಳಿದರೆ, "ಗಂಟ್ಲು ಸರಿಯಿಲ್ಲ ಕಣೇ" ಎನ್ನುತ್ತಾರೆ.

ಪುರಾವೆಗೆ ಮೂಲ ರೆಕಾರ್ಡಿಂಗ್ ಕಳಿಸಿ ಎಂದಿದ್ದಿರಿ, ಕಳಿಸಿದ್ದೇನೆ. ನೀವೊಬ್ಬರೇ ಕೇಳಿ, ಬಳಗಕ್ಕೆ ಹಾಕಬೇಡಿ. ಹಾಡಿನ ನಡುವೆ ಅತ್ತೆ ಹೋದ ವರ್ಷ ತೀರಿಕೊಂಡ ಮಗನನ್ನು, ಅಂದರೆ ನನ್ನ ಗಂಡನನ್ನು, ಹೆಸರು ಹಿಡಿದು ಕರೆಯುತ್ತಾರೆ. ಹಾಡನ್ನು ಮತ್ತೆ ಹಾಕುವುದೂ ಬೇಡ. ಒಬ್ಬೊಬ್ಬರಿಗೂ ಉತ್ತರ ಬರೆಯುವ ತ್ರಾಣ ನನಗೆ ಉಳಿದಿಲ್ಲ.

ಒಂದು ಉಪಕಾರ ಮಾಡಿ. ರೆಕಾರ್ಡಿಂಗ್ ಕೇಳಿದ ಮೇಲೆ ಅದರ ಜೊತೆ ಕಳಿಸಿರುವ ನಂಬರಿಗೆ ಸಂಜೆ ಫೋನ್ ಮಾಡಿ, ಅತ್ತೆಯೇ ಎತ್ತುತ್ತಾರೆ. ಕ್ಷಮೆ ಕೇಳಬೇಡಿ, ಅವರಿಗೆ ಮುಜುಗರವಾಗುತ್ತದೆ. ಎರಡನೆಯ ಸಾಲು ಸರಿಯಾಗಿ ಕೇಳಿಸಲಿಲ್ಲ, ಏನದು ಎಂದು ಕೇಳಿ. ಆ ಸಾಲನ್ನು ಬರೀ ಮಾತಿನಲ್ಲಿ ಹೇಳಲು ಅವರಿಗೆ ಬರುವುದಿಲ್ಲ.

ಇಂತಿ,
ಶರ್ಮಿಳಾ