ಕೈಲಾಗುವುದಿಲ್ಲ ಎಂಬ ಕಾಗದ

ಕೊಳ್ಳೇಗಾಲ
೧೨-೯-೧೯೫೪

ಚಿರಂಜೀವಿ ಗುರುಪಾದಸ್ವಾಮಿಗೆ ನಿನ್ನ ಅಪ್ಪನ ಆಶೀರ್ವಾದ.

ಮಾದಪ್ಪನ ದಯದಿಂದ ನಾವೆಲ್ಲ ಉಂಡುಟ್ಟು ಚೆನ್ನಾಗಿದ್ದೇವೆ. ನಿನ್ನ ಕಾಗದ ಬಂದು ಹನ್ನೆರಡು ದಿನವಾಯಿತು. ಬರೆಯಲು ಕೂತಾಗಲೆಲ್ಲ ಒಂದು ಮಾತಿಗೆ ಬಂದು ಕೈ ನಿಂತುಬಿಡುತ್ತಿತ್ತು. ಕೋಪ ಮಾಡಿಕೊಳ್ಳಬೇಡ.

ಓದುತ್ತಲೇ ಕೆಲಸ ಮಾಡಲು ಅಮೆರಿಕದ ಸರ್ಕಾರ ನಿನಗೆ ಅನುಮತಿ ಕೊಟ್ಟಿತು ಎಂಬ ಸಾಲನ್ನು ನಿನ್ನ ಅವ್ವನಿಗೆ ಮೂರು ಸಲ ಓದಿ ಹೇಳಿದೆ. ಅಬ್ಬಾ, ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು! ಎರಡು ತಿಂಗಳ ಮೇಲೆ ಅವಳು ನನ್ನ ಮುಖ ನೋಡಿ ಮಾತಾಡಿದಳು. ಅಂದೇ ಒಬ್ಬಟ್ಟು ಮಾಡಿ ಬೀದಿಗೆಲ್ಲ ಹಂಚಿದಳು.

ತಪ್ಪು ನನ್ನದೇ. ಕಾಲೇಜಿನ ಊಟದ ಮನೆಯಲ್ಲಿ ತಟ್ಟೆ ತೊಳೆಯುವ ಕೆಲಸ ಇದೆ, ಆದರೆ ಹೊರದೇಶದ ಹುಡುಗರು ಅನುಮತಿ ಇಲ್ಲದೆ ದುಡಿಯುವಂತಿಲ್ಲ, ಮನೆಯ ಸ್ಥಿತಿ ಕೆಟ್ಟಿದೆ ಎಂದು ಮನೆಯವರೇ ಬರೆದುಕೊಡಬೇಕು ಎಂದು ನೀನು ಬಿಡಿಸಿ ಬರೆದಿದ್ದೆ. ರೇಷ್ಮೆ ನೂಲಿನ ಬೆಲೆ ಬಿದ್ದು ನಮ್ಮ ಆರು ಚರಕದಲ್ಲಿ ನಾಲ್ಕು ನಿಂತದ್ದು ನಿಜವೇ. ಆದರೂ ಶಿವನಂಜಯ್ಯ ಮೇಷ್ಟರ ಕೈಲಿ ಇಂಗ್ಲಿಷಿನಲ್ಲಿ ನಾನು ಬರೆಸಿದ್ದೇನು? ‘ನಮ್ಮದು ಮಠದ ದಾಸೋಹಕ್ಕೆ ವರ್ಷವರ್ಷ ಅಕ್ಕಿ ಕಳಿಸುವ ಮನೆತನ. ನಮ್ಮ ಹುಡುಗನಿಗೆ ಯಾವ ಕೊರತೆಯೂ ಇಲ್ಲ.’ ಸಂಬಂಧ ಕೇಳಿ ಬಂದವರಿಗೆ ಹೇಳುವುದನ್ನು ಅಮೆರಿಕದ ಆಫೀಸಿಗೆ ಹೇಳಿದೆ!

ಅನುಮತಿ ಸಿಗಲಿಲ್ಲ, ಫೀಜು ಕಟ್ಟಲಾಗದೆ ವಾಪಸು ಬರಬೇಕಾದೀತು ಎಂಬ ನಿನ್ನ ಕಾಗದ ಬಂದ ದಿನ ನಿನ್ನ ಅವ್ವ ಒಲೆಯ ಮುಂದಿನಿಂದಲೇ ಕೂಗಿದಳು: "ನಿಮ್ ಮೀಸೆ ಮಣ್ಣಾಗ್‌ಬಾರ್ದು ಅಂತ ಮಗನ ಓದ್ಗೆ ಮಣ್ಣಾಕ್ಬುಟ್ರಲ್ಲಾ!"

"ಕಂಡೋರ ತಟ್ಟೆ ತೊಳ್ಯೋ ಕೆಲ್ಸ ಕಣೇ. ಊರೋರು ಏನಂದಾರು?" ಎಂದೆ.

"ದಾಸೋಹದಲ್ಲಿ ಪಂಚೆ ಎತ್ಕಟ್ಟಿ ಊರೋರ ಎಂಜಲೆಲೆ ಎತ್ತೋರು ಯಾರು? ನೀವೇ ತಾನೆ? ಅಲ್ಲಿ ಪುಣ್ಯ, ಇಲ್ಲಿ ಅವಮಾನ್ವಾ?"

ಮರುದಿನವೇ ಮೇಷ್ಟರನ್ನು ಕರೆದುಕೊಂಡು ತಾಲ್ಲೂಕು ಕಚೇರಿಗೆ ಹೋದೆ. ಮಗನನ್ನು ಓದಿಸಲು ಕೈಲಾಗುವುದಿಲ್ಲ ಎಂದು ಅವರು ಬರೆದರು, ನಾನು ರುಜು ಹಾಕಿದೆ, ತಹಸೀಲ್ದಾರರು ಮೊಹರು ಒತ್ತಿಸಿದರು. ಹೊತ್ತು ಮುಳುಗುವುದರೊಳಗೆ ಹನೂರಿನ ತನಕ ಸುದ್ದಿ! ಅಲ್ಲಿಂದ ರೇಷ್ಮೆಗೂಡು ತರುವ ಪುಟ್ಟಮಾದಪ್ಪ, "ಸಾವ್ಕಾರ್ರೇ, ನಮ್ಮನೇಲೂ ಕಷ್ಟ್ವೇ ಕಣ್ರಿ. ನೀವ್ ಏಳ್ಕಂಡ್ರಿ, ನಾವ್ ಏಳ್ಕಂಡಿಲ್ಲ, ಅಷ್ಟೇಯ" ಎಂದು ನಕ್ಕ. ನನಗೂ ನಗು ಬಂತು. ಮೀಸೆ ಇದ್ದಲ್ಲೇ ಇದೆ.

ಇನ್ನು ನೆಮ್ಮದಿಯಾಗಿ ಓದು. ಕೊಟ್ಟ ಗಂಟೆ ಮೀರಿ ದುಡಿಯಬೇಡ. ಕಾನೂನು ಹಾಗಿರಲಿ, ಮೈ ತಡೆಯಬೇಕಲ್ಲ. ನೀರಿನಲ್ಲಿ ಕೈ ನೆನೆದು ಒಡೆದರೆ ಕೊಬ್ಬರಿ ಎಣ್ಣೆ ಹಚ್ಚಬೇಕಂತೆ, ಅವ್ವನ ಅಪ್ಪಣೆ. ಮಾದಪ್ಪ ನಿನ್ನ ಬೆನ್ನಿಗಿರಲಿ.

ನಿನ್ನ ಅಪ್ಪ,
ಸದಾಶಿವಪ್ಪ

ವಿ. ಸೂ.: ‘ಮರ್ಯಾದೆಗೆ ಹೆದರಿ ಹಾಗೆ ಬರೆಸಿದಿರಾ ಅಪ್ಪ?’ ಎಂದು ನೀನು ಕೇಳಿದ್ದೆ. ಅದು ಅರ್ಧ ಸತ್ಯ. ಹೀಗೆ ಬರೆದರೆ ಅನುಮತಿ ಸಿಗುವುದಿಲ್ಲ ಎಂದು ಮೇಷ್ಟರು ಮೊದಲೇ ಹೇಳಿದ್ದರು. ಗೊತ್ತಿದ್ದೇ ಕಳಿಸಿದೆ. ಸಿಗದಿದ್ದರೆ ನೀನು ಮನೆಗೆ ಬರುತ್ತೀಯಲ್ಲ ಅಂತ. ಹಡಗು ಯಾವ ದಿನ ಬೊಂಬಾಯಿ ಮುಟ್ಟುತ್ತದೆ ಎಂದೂ ವಿಚಾರಿಸಿಟ್ಟಿದ್ದೆ. ನಿನ್ನ ಅವ್ವನಿಗೆ ಇದು ಗೊತ್ತಿಲ್ಲ. ಓದು ಮುಗಿಸಿಯೇ ಬಾ ಮಗು. ನನ್ನನ್ನು ಕ್ಷಮಿಸುವುದಾದರೆ ಅದನ್ನು ಬೇರೆ ಹಾಳೆಯಲ್ಲಿ ಬರೆ. ನಿನ್ನ ಕಾಗದಗಳನ್ನು ಅವಳಿಗೆ ಓದಿ ಹೇಳುವವನು ನಾನೇ.