ಬರಿತಲೆಯಲ್ಲಿ ಇಳಿದ ಮಂದೆ

ಜೂನ್ 30, ಭಾನುವಾರ

ಬೆಟ್ಟದ ಮೇಲಿನ ಬೇಸಿಗೆ ಕೊಟ್ಟಿಗೆಯಲ್ಲಿ ಹಾಲು ಕರೆದಾಯಿತು. ಹಿರಿಯ ಹಸು ದೊರೆಸಾನಿ ಇವತ್ತೂ ಒದ್ದಳು. ಮಂದೆಗೆಲ್ಲ ತಾನೇ ಮುಂದಾಳು ಎಂಬ ಸೊಕ್ಕು. ಇಲ್ಲಿ ಚೀಸ್ ಮಾಡುವ ಕೆಲಸದ ವೆಂಡೆಲ್ ಅಜ್ಜ ಕೊಪ್ಪರಿಗೆ ಕಲಕುತ್ತಲೇ ನಕ್ಕ.

“ಶಾಲೆ ಬಿಟ್ಟು ಬಂದೋಳಿಗೆ ಹಸುನೇ ಮೇಷ್ಟ್ರು ಕಣೇ ಅಫ್ರಾ.”

ಬಿಟ್ಟದ್ದು ನಿಜ. ಪ್ರವಾಸೋದ್ಯಮದ ಶಾಲೆ. ಸಂತೆಚೌಕದ ಕಾರಂಜಿ ಐನೂರು ವರ್ಷದ್ದು ಎಂದು ಪ್ರವಾಸಿಗಳಿಗೆ ಹೇಳಬೇಕಂತೆ. ಹಳೆಯದನ್ನು ಹಿಮಕುಸಿತ ಕೊಚ್ಚಿಕೊಂಡು ಹೋಯಿತು. ಈಗಿನದನ್ನು ಕಟ್ಟಿದ್ದು ನನ್ನ ತಾತ, ಸಿಮೆಂಟಿನಲ್ಲಿ. ಪರೀಕ್ಷೆಯಲ್ಲಿ ಹಾಗೇ ಬರೆದೆ. ಟೀಚರ್ ಕರೆದು ಬುದ್ಧಿ ಹೇಳಿದರು. ಮರುದಿನದಿಂದ ಹೋಗಲಿಲ್ಲ.

ಲಾನ್‌ಬಾಖ್ ಪೇಟೆಯ ಸ್ವಭಾವವೇ ಅದು. ಉಪ್ಪಿನ ಗಾಡಿಗಳು ಕಣಿವೆ ದಾಟುತ್ತಿದ್ದ ಕಾಲಕ್ಕೆ ಉಪ್ಪು ಮಾರಿತು. ಸುರಂಗ ಬಂದು, ರೈಲು ನಮ್ಮನ್ನು ಬಿಟ್ಟು ಹೋದಮೇಲೆ ಉಪ್ಪಿನ ಕಥೆ ಮಾರುತ್ತಿದೆ. ಬೈಯುತ್ತೇನೆ. ಆದರೂ ಸಂಜೆ ಇಲ್ಲಿಂದ ಕೆಳಗೆ ಅದರ ದೀಪ ಕಾಣದಿದ್ದರೆ ಏನೋ ಕಳವಳ.

ಅಮ್ಮನ ಕೆಮ್ಮು ಇನ್ನೂ ನಿಂತಿಲ್ಲವಂತೆ.

ಜುಲೈ 5, ಶುಕ್ರವಾರ

ಅಪ್ಪ ಬ್ರೆಡ್ಡು, ಹಸುಗಳಿಗೆ ಉಪ್ಪು ಹೊತ್ತು ತಂದ. ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದ್ದಾರೆ. ಅಲ್ಲೂ ಸುಮ್ಮನಿಲ್ಲ. ಹಾಸಿಗೆ ತುಂಬ ಕಾಗದದ ಗುಲಾಬಿ, ರಿಬ್ಬನ್ನು, ತಂತಿ. ಶರತ್ಕಾಲದಲ್ಲಿ ಮಂದೆ ಬೆಟ್ಟ ಇಳಿಯುವಾಗ ಹಸುಗಳ ತಲೆಗೆ ಕಟ್ಟುವ ಕಿರೀಟ. ನರ್ಸುಗಳಿಗೂ ಕಲಿಸುತ್ತಿದ್ದಾಳಂತೆ.

“ಯಾವತ್ತು ಮನೆಗೆ ಕಳಿಸ್ತಾರೆ?”

“ಇನ್ನೇನು...” ಎಂದ ಅಪ್ಪ. ಬೇಲಿಯ ಗೂಟ ಅಲ್ಲಾಡಿಸಿ ನೋಡಿದ. ಗಟ್ಟಿಯಾಗಿಯೇ ಇತ್ತು.

ಜುಲೈ 19

ಎರಡು ವಾರ ಬರೆಯದ್ದಕ್ಕೆ ಪೆನ್ನು ಸಿಗಲಿಲ್ಲ ಎನ್ನಬಹುದು. ಸುಳ್ಳು. ಪೆನ್ನು ಇತ್ತು.

ಅಮ್ಮನನ್ನು ಮಣ್ಣು ಮಾಡಿದ ಸಂಜೆಯೇ ಮೇಲೆ ಬಂದೆ. ಕೆಚ್ಚಲು ಕಾಯುವುದಿಲ್ಲ. ಅಜ್ಜನೊಬ್ಬನಿಂದ ಆಗುವುದಿಲ್ಲ.

ಶವ ಸಾಗುವಾಗ ಚೌಕದ ಕಮಾನುಗಳ ಕೆಳಗೆ ಅಂಗಡಿಯವರು ಬಾಗಿಲು ಅರ್ಧ ಎಳೆದು ನಿಂತಿದ್ದರು. ಪೂರ್ತಿ ಎಳೆಯಲಿಲ್ಲ. ಪ್ರವಾಸಿಗಳಿದ್ದರಲ್ಲ. ಕೈಹಿಡಿದು ಸಮಾಧಾನ ಹೇಳಲು ಬಂದವರಿಗೆಲ್ಲ ಅಪ್ಪ ಒಂದೇ ಮಾತು ಹೇಳುತ್ತಿದ್ದ — “ಹುಲ್ಲು ಒಣಗ್ತಿದೆ. ಬಿಸ್ಲು ಚೆನ್ನಾಗಿದೆ.”

ಆಗಸ್ಟ್ 15

ಮಾತೆ ಮರಿಯಳ ಹಬ್ಬ. ಕೆಳಗೆ ಚರ್ಚಿನ ಗಂಟೆ ಕೇಳಿಸಿತು. ಹೋಗಲಿಲ್ಲ.

ಅಪ್ಪ ಬಂದಿದ್ದ. ಮನೆಯಲ್ಲಿ ಜಾಮ್ ಮುಗಿದಿದೆ ಎಂದ. ಒಲೆಯ ಕೊಳವೆ ಕಟ್ಟಿಕೊಂಡಿದೆ ಎಂದ. ಅಮ್ಮನ ಹೆಸರು ಎತ್ತಲಿಲ್ಲ. ನಾನು ಎತ್ತಿದೆ. ಎದ್ದು ಹೋಗಿ ಸೌದೆ ಒಡೆಯತೊಡಗಿದ. ಒಡೆಯುವಷ್ಟು ಸೌದೆ ಇರಲಿಲ್ಲ.

ಸೆಪ್ಟೆಂಬರ್ 12, ಗುರುವಾರ

ಅಪ್ಪನ ಜೊತೆ ಗಿಡಿ ಮಾಮ. ಕರಡಿ ಹೋಟೆಲಿನ ಯಜಮಾನ, ಸಂತೆ ಸಮಿತಿಯ ಕಾರ್ಯದರ್ಶಿ, ಅಪ್ಪನ ಜೊತೆ ಓದಿದವನು. ಬೆಟ್ಟ ಹತ್ತಿ ಬೀಟ್‌ರೂಟ್ ಬಣ್ಣಕ್ಕೆ ತಿರುಗಿದ್ದ.

“ಈ ಮನುಷ್ಯನ್ನೂ ಲಾರೀಲಿ ತರ್ಬೇಕಿತ್ತು,” ಎಂದ ವೆಂಡೆಲ್ ಅಜ್ಜ.

ಮಾಮ ನೀರು ಕುಡಿದು ಮಾತು ತೆಗೆದ. “ಬೇರೆ ಮಂದೆ ಎಲ್ಲಾ ಲಾರೀಲೇ ಇಳೀತವೆ ಅಫ್ರಾ. ಸಂತೆಗೆ ನಡ್ಕೊಂಡು ಬರೋದು ನಿಮ್ದೊಂದೇ. ಅದೂ ಬರಿತಲೇಲಿ ಬಂದ್ರೆ ಜನ ಏನ್ ನೋಡ್ಬೇಕು?”

“ಹಸು ನೋಡ್ಲಿ.”

“ಹಸು ಅವ್ರೂರಲ್ಲೂ ಇದೆ ಕಣಮ್ಮ.”

“ಬೇಸಿಗೇಲಿ ಮನೇಲಿ ಸಾವಾದ್ರೆ ಕಿರೀಟ ಇಲ್ಲ. ಗಂಟೆ ನಾಲಿಗೆಗೆ ಬಟ್ಟೆ ಸುತ್ತಿ ಇಳಿಸ್ತಾರೆ. ನಿಮ್ಗೆ ಗೊತ್ತಿಲ್ವಾ ಮಾಮ?”

“ಗೊತ್ತಿಲ್ದೆ ಏನು? ನಿಮ್ಮಮ್ಮಂಗೆ ಹೆಗಲು ಕೊಟ್ಟೋನು ನಾನು. ನೋಡು, ಪೇಟೆಯೋರಿಗೆ ಎಲ್ಲಾ ಗೊತ್ತು. ಗೊತ್ತಿರೋರಿಗೆ ಮತ್ತೆ ಹೇಳೋದೇನಿದೆ? ಗೊತ್ತಿಲ್ದೋರಿಗೆ ಹೇಳಿ ಏನಾಗ್ಬೇಕು?”

  ಅಪ್ಪ ಬಯ್ದು ಕಳಿಸುತ್ತಾನೆ ಅಂದುಕೊಂಡು ಅವನ ಮುಖ ನೋಡಿದೆ.

“ಕಿರೀಟ ಹಾಕೋಣ,” ಎಂದ ಅಪ್ಪ.

ಸೆಪ್ಟೆಂಬರ್ 20, ಶುಕ್ರವಾರ. ಮಧ್ಯಾಹ್ನ

ಅಪ್ಪ ಪೆಟ್ಟಿಗೆ ಹೊತ್ತು ತಂದ. ಮುಚ್ಚಳ ತೆಗೆದರೆ ಗುಲಾಬಿಗಳು. ಕೆಲವು ಅಚ್ಚುಕಟ್ಟು. ಕೆಲವು ಸೊಟ್ಟ — ಕೊನೆಕೊನೆಗೆ ಕಟ್ಟಿದವು ಇರಬೇಕು. ಇಲ್ಲಾ ನರ್ಸುಗಳದು.

“ಅವಳು ಮಾಡಿದ್ದು. ಹಾಕಿಸ್ಬೇಕು ಅಂತ ಹೇಳಿದ್ಲು.”

“ಮನೆಗೆ ಬರ್ತೀನಿ ಅಂದ್ಕೊಂಡು ಹೇಳಿದ್ದು ಅಪ್ಪ.”

“ನಿಂಗೆ ಎಲ್ಲಾ ಗೊತ್ತು! ಒಂದು ದಿನ ಸುಮ್ನಿರೋಕೆ ಏನು ನಿಂಗೆ? ಶಾಲೆಲೂ ಹಿಂಗೇ, ಇಲ್ಲೂ ಹಿಂಗೇ.”

“ಹೂ ಹಾಕ್ಕೊಂಡು, ಗಂಟೆ ಬಾರಿಸ್ಕೊಂಡು ಇಳಿದ್ರೆ ನಮ್ಮನೇಲಿ ಏನೂ ಆಗೇ ಇಲ್ಲ ಅಂದ ಹಾಗೆ. ಅದು ಸುಳ್ಳು.”

ಅಪ್ಪ ಮೆಟ್ಟಿಲ ಮೇಲೆ ಕುಳಿತ. ನನ್ನ ಕಡೆ ನೋಡದೆ —

“ಬರಿತಲೇಲಿ ಇಳಿದ್ರೆ ಇಡೀ ಪೇಟೆ ನನ್ ಮುಖಾನೇ ನೋಡುತ್ತೆ ಅಫ್ರಾ. ಕಿರೀಟ ಇದ್ರೆ ಹಸು ನೋಡ್ತಾರೆ.”

ಇದು ನನಗೆ ಗೊತ್ತಿರಲಿಲ್ಲ. ಮಾಮನ ಮಾತಿಗೆ ಬಗ್ಗಿದ್ದಾನೆ ಅಂದುಕೊಂಡಿದ್ದೆ. ಆಗಲೇ ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ.

“ನಾನು ಮುಂದೆ ನಡೀತೀನಿ. ನನ್ ಮುಖ ನೋಡ್ಲಿ. ನೀನು ಹಿಂದಿರು.”

ಅಪ್ಪ ಒಳಗೆ ಹೋಗಿ ತನ್ನ ಹಳೆಯ ಅಂಗಿ ತಂದು ಪಟ್ಟಿಪಟ್ಟಿಯಾಗಿ ಹರಿದ. ಇಬ್ಬರೂ ಕೂತು ಗಂಟೆಗಳ ನಾಲಿಗೆಗೆ ಸುತ್ತಿದೆವು. 

ಸೆಪ್ಟೆಂಬರ್ 21, ಶನಿವಾರ

ಅಜ್ಜನನ್ನು ಚೀಸ್ ಕಾಯಲು ಮೇಲೆ ಬಿಟ್ಟು ನಾನೂ ಅಪ್ಪನೂ ಇಳಿದೆವು. ದಾರಿಯುದ್ದಕ್ಕೂ ಗೊರಸಿನ ಸದ್ದು ಬಿಟ್ಟರೆ ಏನಿಲ್ಲ. ತನ್ನ ಗಂಟೆ ತನಗೇ ಕೇಳದೆ ದೊರೆಸಾನಿಗೆ ಗಲಿಬಿಲಿ. ನಿಂತು ನಿಂತು ತಲೆ ಕೊಡವುತ್ತಿದ್ದಳು.

ಪೇಟೆ ತುಂಬಿತ್ತು. ಪುರಸಭೆಯ ಕಿಟಕಿಯಿಂದ ಸಂತೆಯ ಗುರುತಿಗೆ ಇಡುವ, ಮರದಲ್ಲಿ ಕೆತ್ತಿದ ಕೈ ಚಾಚಿತ್ತು, ಕತ್ತಿ ಹಿಡಿದು. ಒಂದು ಕಾಲದಲ್ಲಿ ಆ ಕೈಯ ಕೆಳಗೆ ಕಳ್ಳತೂಕ ತೂಗಿದವನ ಸರಕನ್ನು ಹೊಳೆಗೆ ಎಸೆಯುತ್ತಿದ್ದರಂತೆ. ಈಗ ಅದರ ಕೆಳಗೆ ಫೋಟೋ.

ಬೇಕರಿ ಹೆಂಗಸು ನಮ್ಮನ್ನು ಕಂಡವಳೇ ಏಪ್ರನ್ನಿನಲ್ಲಿ ಕೈ ಒರೆಸಿಕೊಂಡು ನೆಟ್ಟಗೆ ನಿಂತಳು. ಕಟುಕ ಟೋಪಿ ತೆಗೆದ. ಕಮಾನಿನ ಕೆಳಗಿದ್ದ ನಮ್ಮವರೆಲ್ಲ ಒಬ್ಬೊಬ್ಬರಾಗಿ ತೆಗೆದರು. ಆ ಒಂದು ಗಳಿಗೆ ಈ ಪೇಟೆ ನನ್ನದು ಅನ್ನಿಸಿತು.

ಅಷ್ಟರಲ್ಲಿ ಮೈಕಿನಲ್ಲಿ ಗಿಡಿ ಮಾಮ — “ಈ ವರ್ಷ ಮಳೆ ಜಾಸ್ತಿಯಾಗಿ ಹೂವೇ ಅರಳಲಿಲ್ಲ, ಹಾಗಾಗಿ ನಮ್ಮ ಹಸುಗಳು...”

ಕಾಗದದ ಹೂವಿಗೆ ಮಳೆ ಏನು ಮಾಡೀತು!

ವೇದಿಕೆ ಹತ್ತಿ ಮೈಕ್ ಕಿತ್ತುಕೊಂಡೆ. “ಮಳೆ ಅಲ್ಲ. ನಮ್ಮಮ್ಮ ಸತ್ತುಹೋದಳು. ಫಿಲೊಮೆನಾ ಅಂತ. ಅದಕ್ಕೆ ಹೂ ಇಲ್ಲ.”

 ಆಮೇಲೆ ಎಲ್ಲೋ ಒಬ್ಬರು ಚಪ್ಪಾಳೆ ತಟ್ಟಿದರು. ಇನ್ನೊಬ್ಬರು. ನೋಡನೋಡುತ್ತಿದ್ದಂತೆ ಇಡೀ ಚೌಕ. ಇದೂ ಕಾರ್ಯಕ್ರಮದಲ್ಲಿ ಸೇರಿದ್ದು ಅಂದುಕೊಂಡರು. ಫೋನುಗಳು ಮೇಲೆ. ಕೆಂಪು ಕೋಟಿನ ಮುದುಕಿಯೊಬ್ಬಳ ಕಣ್ಣಲ್ಲಿ ನೀರು, ತಟ್ಟುತ್ತಲೇ ಇದ್ದಳು. ನಮ್ಮವರು ಟೋಪಿ ಕೈಯಲ್ಲಿ ಹಿಡಿದು ನೆಲ ನೋಡುತ್ತಿದ್ದರು.

ಮಾಮ ಮೈಕ್ ಆಫ್ ಮಾಡಿದ. “ನಾನೇನೋ ನಿಮ್ ದುಃಖ ಮುಚ್ಚೋಣ ಅಂದೆ ಕೂಸೇ...” ಎಂದ. 

ಅಪ್ಪ ಹಿಂದೆ ಇದ್ದ. ಫೋನುಗಳೆಲ್ಲ ಅವನ ಕಡೆ ತಿರುಗಿದವು. ಕೋಲು ಕೆಳಗಿಟ್ಟ — ಎಸೆಯಲಿಲ್ಲ, ಇಟ್ಟ — ಚಪ್ಪಾಳೆಯ ನಡುವೆಯೇ ನಡೆದು ಚಮ್ಮಾರರ ಓಣಿಗೆ ತಿರುಗಿಬಿಟ್ಟ. ಮಂದೆಯನ್ನು ಬಿಟ್ಟು ಅಪ್ಪ ಹೋದದ್ದು ನಾನು ನೋಡಿದ್ದೇ ಇಲ್ಲ.

ಮನೆಗೆ ಹೊಡೆದುಕೊಂಡು ಬಂದೆ. ಒಬ್ಬಳೇ.

ಸೆಪ್ಟೆಂಬರ್ 22, ಭಾನುವಾರ. ಬೆಳಗ್ಗೆ

ಎದ್ದಾಗ ಅಪ್ಪ ಕೊಟ್ಟಿಗೆಯಲ್ಲಿದ್ದ. ಹಾಲು ಕರೆದು ಮುಗಿಸಿದ್ದ. ಕಾಫಿ ಇಟ್ಟೆ. ಕುಡಿದ. 

ಹೇಳಿದ್ದು ನಿಜವೇ. ಹಾಗೆಂದು ಬರೆದುಕೊಂಡರೂ ಹಗುರ ಆಗುತ್ತಿಲ್ಲ.

ಹತ್ತು ಗಂಟೆ

ಅಪ್ಪ ಇದೀಗ ಬಂದು ಮೇಜಿನ ಆಚೆ ಕುಳಿತಿದ್ದಾನೆ. ಬರೆಯುತ್ತಿರುವುದನ್ನು ನೋಡುತ್ತಿದ್ದಾನೆ. ಏನು ಎಂದು ಕೇಳಲಿಲ್ಲ.

“ನಿನ್ನೆ ಮೈಕಲ್ಲಿ ಹೇಳಿದ್ಯಲ್ಲ.”

“ತಪ್ಪಾಯ್ತಾ ಅಪ್ಪ?”

“ಗೊತ್ತಿಲ್ಲ. ಓಣಿ ದಾಟಿ ಸ್ಮಶಾನದವರೆಗೂ ಹೋದೆ. ಬಾಗಿಲಿಂದ ವಾಪಸ್ ಬಂದೆ.” ಕಪ್ಪು ತಿರುಗಿಸಿದ. “ನೀನು ಎಲ್ಲರ ಮುಂದೆ ಹೇಳ್ದೆ. ನಾನು ಇನ್ನೂ ಒಂದ್ಸಲಾನೂ ಹೇಳಿಲ್ಲ ಅಫ್ರಾ. ಯಾರ ಹತ್ರಾನೂ. ಒಬ್ನೇ ಇದ್ದಾಗ್ಲೂ.”

 ಪೆನ್ನು ಕೆಳಗಿಡಲು ಹೋದೆ.

“ಬೇಡ, ಬರೀ,” ಎಂದ. “ನನ್ನ ನೋಡ್ಬೇಡ. ಬರೀತಾ ಇರು. ನಾನು ಹೇಳ್ತೀನಿ.”

ಬರೆಯುತ್ತಿದ್ದೇನೆ. ನೋಡುತ್ತಿಲ್ಲ. ಉಸಿರು ಎಳೆದುಕೊಂಡದ್ದು ಕೇಳಿಸಿತು.

“ಮೇನಾ,” ಎಂದ — ಫಿಲೊಮೆನಾ ಅವನ ಬಾಯಲ್ಲಿ ಯಾವಾಗಲೂ ಮೇನಾ. “ನಮ್ಮ ಮೇನಾ ಜುಲೈನಲ್ಲಿ —”